ಮೊದಲೇ ತೆಗೆಸಿದ ಮೀಸೆ

ಮಾಳಮಡ್ಡಿ, ಧಾರವಾಡ
ಸೋಮವಾರ, ೧೦ ನವೆಂಬರ್ ೨೦೨೫

ಪ್ರೀತಿಯ ಚಿನ್ನಕ್ಕಾ,

ದೂರದಿಂದಲೇ ನಿನ್ನ ಕಾಲಿಗೆ ಒಂದು ನಮಸ್ಕಾರ. ಸೂತಕದಲ್ಲಿ ಯಾರಿಗೂ ನಮಸ್ಕಾರ ಮಾಡಬಾರದೆಂದು ಭಟ್ಟರು ಹೇಳಿದ್ದಾರೆ. ಹಾಗಾಗಿ ಇದನ್ನು ಹದಿಮೂರನೇ ದಿನದವರೆಗೆ ಮಡಚಿಟ್ಟು ಆಮೇಲೆ ಸ್ವೀಕರಿಸು. ಅಕ್ಷರ ಕೋಳಿ ಕೆದರಿದಂತೆ ಕಂಡರೆ ಬಯ್ಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಪ್ಲಾಸ್ಟರಿನೊಳಗೆ ಪೂರ್ಣ ಸಂಬಳದ ರಜೆಯ ಮೇಲಿದೆ.

ನಿನ್ನೆ ಫೋನಿನಲ್ಲಿ ನೀನು ಎರಡು ವಿಷಯ ಕೇಳಿದೆ. ಒಂದು, ಅವ್ವನ ಗುರೆಳ್ಳು ಚಟ್ನಿಪುಡಿ ಮಾಡುವ ರೀತಿ. ಇನ್ನೊಂದು, ಊರೆಲ್ಲ ಹೇಳುವಂತೆ ಅಪ್ಪ ಬುಧವಾರ ಸಂಜೆಯೇ ತೀರಿಕೊಂಡಿದ್ದರೆ, ಗುರುವಾರ ಮುಂಜಾನೆ ಒಂಬತ್ತಕ್ಕೆ ಅವ್ವ ನಿನಗೆ ‘ನಿಮ್ಮಪ್ಪ ಪೂಜಿಗೆ ಕೂತಾರ, ಆಮ್ಯಾಲೆ ಮಾತಾಡ್ತೀನಿ’ ಅಂತ ಮೆಸೇಜು ಹಾಕಿದ್ದು ಹೇಗೆ. ನಾನು ನೆಟ್‌ವರ್ಕ್ ಇಲ್ಲವೆಂದು ಫೋನಿಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಪಕ್ಕದ ಕೋಣೆಯಲ್ಲಿ ವಿಜಯೀಂದ್ರ ಕಾಕಾ ಮಲಗಿದ್ದರು, ಅವರ ಕಿವಿಯ ಸಿಗ್ನಲ್ ಅದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಈ ಕಾಗದ.

ಮೊದಲು ಗಡ್ಡದಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲ ಶುರುವಾದದ್ದು ಮುಖದ ಮೇಲೆಯೇ. ಹುಬ್ಬಳ್ಳಿಯ ನಮ್ಮ ಕಾಲೇಜಿನಲ್ಲಿ ಈಗ ನವೆಂಬರ್ ತಿಂಗಳೆಂದರೆ ಗಡ್ಡದ ತಿಂಗಳು. ಮೂವತ್ತು ದಿನ ಬ್ಲೇಡು ಮುಟ್ಟುವುದಿಲ್ಲವೆಂದು ಹುಡುಗರ ವ್ರತ. ಹಾಜರಿ ಹಾಕುವಾಗ ತಲೆ ಎತ್ತಿ ನೋಡಿದರೆ ಹಿಂದಿನ ಎರಡು ಬೆಂಚಿನಲ್ಲಿ ಋಷ್ಯಾಶ್ರಮ. ವಿನೀತ ಎನ್ನುವವನಿಗೆ ಮಾತ್ರ ಗದ್ದದ ಮೇಲೆ ಹನ್ನೊಂದೇ ಕೂದಲು, ಅವನ್ನೇ ದಿನಾ ಎಣ್ಣೆ ಹಚ್ಚಿ ಸಾಕುತ್ತಿದ್ದಾನೆ. ಪಾಠದ ನಡುವೆ ನಾನೂ ನಾಲ್ಕು ಚಿಲ್ಲರೆ ಇತಿಹಾಸ ಉದುರಿಸುತ್ತೇನೆ. ರಷ್ಯಾದ ಪೀಟರ್ ದೊರೆ ಗಡ್ಡಕ್ಕೆ ತೆರಿಗೆ ಹಾಕಿದ್ದ, ಕೊಟ್ಟವರಿಗೆ ರಸೀದಿಯಂತೆ ಒಂದು ಬಿಲ್ಲೆ ಸಿಗುತ್ತಿತ್ತು. ಬ್ರಿಟಿಷ್ ಸೈನ್ಯದಲ್ಲಿ ೧೯೧೬ರವರೆಗೆ ಮೀಸೆ ತೆಗೆಯುವುದೇ ಅಪರಾಧ. ಅಲೆಕ್ಸಾಂಡರನೋ, ಯುದ್ಧಕ್ಕೆ ಮೊದಲು ಸೈನಿಕರ ಗಡ್ಡ ಬೋಳಿಸಿದನಂತೆ, ಶತ್ರುವಿನ ಕೈಗೆ ಹಿಡಿಯಲು ಏನೂ ಸಿಗಬಾರದೆಂದು.

ಈ ಕೊನೆಯದನ್ನು ನೆನಪಿಟ್ಟುಕೊ.

ನಮ್ಮ ಅಪ್ಪನ ಸಾಮ್ರಾಜ್ಯದಲ್ಲಿ ಒಂದೇ ಕಾನೂನಿತ್ತು. ತಂದೆ ಬದುಕಿರುವ ಮಗ ಮೀಸೆ ತೆಗೆಸುವಂತಿಲ್ಲ. ಅದು ಹೋಗುವುದು ತಂದೆ ಹೋದ ದಿನವೇ. ಇಪ್ಪತ್ತೊಂಬತ್ತು ವರ್ಷದ ನಾನು ಈ ಕಾನೂನನ್ನು ಮೂಗಿನ ಕೆಳಗೇ ಹೊತ್ತು ತಿರುಗುತ್ತಿದ್ದೆ. ಅದು ಅಪ್ಪನಿಗೆ ಹಿಡಿಕೆಯೂ ಆಗಿತ್ತು. ನಾಲ್ಕು ಜನರ ಮುಂದೆ ಮೀಸೆಯ ತುದಿ ಹಿಡಿದು ತಿರುವಿ, ‘ಏನೋ ಪ್ರೊಫೆಸರಾ’ ಎನ್ನುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ಮಗ ಭಾವುಕ ಎಂದು ನಗುತ್ತಿದ್ದ. (ಅಪ್ಪನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಬಹುವಚನ ಬುಧವಾರವೇ ತೀರಿಕೊಂಡಿತು.)

ಈಗ ಚಟ್ನಿಪುಡಿ. ಎರಡು ವಾಟಿ ಗುರೆಳ್ಳು, ಎಂಟು ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಹಿಡಿ ಕರಿಬೇವು, ಸಣ್ಣ ಬೆಲ್ಲದ ತುಂಡು, ಉಪ್ಪು. ಹಂಚು ಸಣ್ಣ ಉರಿಯ ಮೇಲಿಟ್ಟು ಗುರೆಳ್ಳು ಚಟಪಟ ಅನ್ನುವವರೆಗೆ ಹುರಿಯಬೇಕು. ಹೊತ್ತಿದರೆ ಕಹಿ, ಹುರಿಯದಿದ್ದರೆ ಹಸಿ. ಹಂಚು ಕಾದಿದೆಯೋ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಬೇಕು. ಬುಧವಾರ ಸಂಜೆ ಗುರೆಳ್ಳು ಸ್ವಲ್ಪ ಹೊತ್ತಿತು. ವಾಸನೆ ಬಂದದ್ದೇ ಅಪ್ಪ ಅಡುಗೆಮನೆಗೆ ಹೋದ. ‘ನಲವತ್ತು ವರ್ಷಾದ್ರೂ ನಿನಗ ಹಂಚು ಕಾದದ್ದು ತಿಳಿಯೂದಿಲ್ಲಲ್ಲ’ ಎಂದು ಮೆಲ್ಲಗೆ, ಪಾಠ ಹೇಳುವ ದನಿಯಲ್ಲಿ ಹೇಳಿ, ಅವ್ವನ ಬಲ ಅಂಗೈ ಹಂಚಿಗೆ ಒತ್ತಿ ಹಿಡಿದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಹತ್ತರವರೆಗೆ ಎಣಿಸಿ ಮುಗಿಸಿದ್ದ.

ಅವ್ವ ಕೂಗಲಿಲ್ಲ. ಆರು ವರ್ಷದ ಹಿಂದೆ ನಿನ್ನ ತೋಳನ್ನು ಬಾಗಿಲ ಸಂದಿಯಲ್ಲಿ ಇಟ್ಟು ಅಪ್ಪ ಬಾಗಿಲು ಹಾಕಿದಾಗ, ಅದೇ ಕೈಯಲ್ಲಿದ್ದ ತಂಬೂರಿ ಎರಡು ಹೋಳಾದಾಗ ನೀನು ಕೂಗಿದೆಯಲ್ಲ, ಆವತ್ತು ಈ ಮನೆಯ ಎಲ್ಲರ ಪಾಲಿನ ಕೂಗೂ ಖರ್ಚಾಗಿಹೋಯಿತು. ಆವತ್ತು ಮನೆ ಬಿಟ್ಟ ನೀನು ಅಪ್ಪನ ಹೆಣಕ್ಕೂ ಬರಲಿಲ್ಲ, ನಾನು ತಪ್ಪು ತಿಳಿಯುವುದಿಲ್ಲ. ನಾನೂ ಏನೂ ಮಾಡಲಿಲ್ಲ, ಅಕ್ಕಾ. ಸುಟ್ಟ ಕೈಗೆ ಮುಲಾಮು ಹಚ್ಚಿದೆ. ನನ್ನ ಪರಾಕ್ರಮ ಅಷ್ಟೇ.

ಗುರುವಾರ ಬೆಳಿಗ್ಗೆ ಎದ್ದವನು ನೆಟ್ಟಗೆ ದುರ್ಗೇಶನ ಕಟಿಂಗ್ ಅಂಗಡಿಗೆ ಹೋದೆ. ಮೀಸೆ ತೆಗಿ ಎಂದೆ. ಅವನ ಕತ್ತಿ ಗಾಳಿಯಲ್ಲೇ ನಿಂತಿತು. ‘ಯಾವಾಗ ಹೋದ್ರರಿ ಮಾಸ್ತರು?’ ಎಂದು ಕೇಳಿದ. ಅವನೂ ಅಪ್ಪನ ಕೈಯಲ್ಲಿ ಇತಿಹಾಸ ಕಲಿತವನೇ, ಅಂದರೆ ಅಪ್ಪನ ಕೈಯಲ್ಲಿ ತಿಂದವನು. ಸುಮ್ಮನೆ ತೆಗೆಸಿಕೊಂಡು ಬರಬೇಕು, ಅಪ್ಪನ ಮುಂದೆ ಬೋಳು ತುಟಿ ಹೊತ್ತು ನಿಲ್ಲಬೇಕು, ನನ್ನ ಪಾಲಿಗೆ ನೀನು ಸತ್ತೆ ಎಂದು ಬಾಯಿ ಬಿಡದೆ ಹೇಳಬೇಕು ಎಂಬುದಷ್ಟೇ ನನ್ನ ಲೆಕ್ಕ. ಆದರೆ ಬಾಯಿ ತಾನೇ ಬಿಟ್ಟಿತು. ‘ನಿನ್ನೆ ಸಂಜಿಗೆ’ ಎಂದೆ. ಅವ್ವನ ಕೈ ಹಂಚಿನ ಮೇಲಿದ್ದ ಹೊತ್ತನ್ನೇ ಹೇಳಿದೆ, ನನ್ನ ಮಟ್ಟಿಗೆ ಸುಳ್ಳಲ್ಲ.

ದುರ್ಗೇಶ ಅಂಗಡಿಯ ಶಟರ್ ಎಳೆದ. ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಸುದ್ದಿ ಹಾಕಿದ. ನಾನು ಧೈರ್ಯ ತಂದುಕೊಳ್ಳಲು ಕೆಲಗೇರಿ ಕೆರೆಯವರೆಗೆ ನಡೆದು, ಬರುವಾಗ ಒಂದು ಕಿಲೋ ಉಳ್ಳಾಗಡ್ಡಿ ಕೊಂಡು ಬಂದೆ. ಗಡ್ಡ ಬಿಟ್ಟವರ ತಿಂಗಳಲ್ಲಿ ನನ್ನ ಪಾಲಿಗೆ ಅದೊಂದೇ ಗಡ್ಡಿ. ಬಂದು ನೋಡಿದರೆ ಗೇಟಿನ ಮುಂದೆ ಇಪ್ಪತ್ತು ಮೂವತ್ತು ಜನ, ಕೈಯಲ್ಲಿ ಹಾರ. ಪೂಜೆಯ ಹೊತ್ತಿನಲ್ಲಿ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದು ಅಪ್ಪನ ನಿಯಮ. ಜನ ಅದನ್ನು ಶೋಕವೆಂದು ತಿಳಿದು ಹೊರಗೇ ನಿಂತಿದ್ದರು. ನಮಗೆ ಹಾಲು ಹಾಕುವ ಮುಗದ ಹಳ್ಳಿಯ ಲಕ್ಕಪ್ಪನ ತಾಯಿ ಫಕೀರವ್ವ ಆಗಲೇ ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು. ‘ದೇವರಂಥಾ ಮನಶ್ಯಾ, ಒಂದು ಇರವಿಗೂ ಹೊಡದಾಂವಲ್ಲೋ’ ಎನ್ನುತ್ತಿದ್ದಳು. ಇರುವೆಯ ವಿಷಯದಲ್ಲಿ ಅದು ನಿಜವೇ.

ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಅವ್ವ ಅಡುಗೆಮನೆಯ ನೆಲದ ಮೇಲೆ ಕುಟ್ಟಾಣಿಯನ್ನು ಎರಡು ಪಾದಗಳ ನಡುವೆ ಒತ್ತಿಕೊಂಡು, ಉಳಿದ ಗುರೆಳ್ಳನ್ನು ಎಡಗೈಯಿಂದ ಕುಟ್ಟುತ್ತಿದ್ದಳು. ನನ್ನ ತುಟಿ ನೋಡಿದಳು. ಮತ್ತೆ ಕುಟ್ಟತೊಡಗಿದಳು. ಅದೇ ಹೊತ್ತಿಗೆ ಅಪ್ಪ ದೇವರ ಕೋಣೆಯಿಂದ ಹೊರಗೆ ಬಂದ. ತನ್ನ ಮರಣವಾರ್ತೆಯನ್ನು ಫಕೀರವ್ವನ ರಾಗದಲ್ಲಿ ಪೂರ್ತಿ ಕೇಳಿಸಿಕೊಂಡೇ ಬಂದಿದ್ದ. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಬೀಟೆಮರದ ಕೋಲು ತೆಗೆದುಕೊಂಡ.

ಮೊದಲ ಏಟು ಬಲಗೈಗೆ ಬಿತ್ತು. ಒಳಗೆ ಕಡ್ಡಿ ಮುರಿದ ಸದ್ದಾಯಿತು. ಎರಡನೆಯದು ಬಾಯಿಗೆ. ಎರಡು ಹಲ್ಲು ಉಳ್ಳಾಗಡ್ಡಿಯ ಜೊತೆ ಉರುಳಿದವು. ಆಮೇಲೆ ಅಪ್ಪ ಅಭ್ಯಾಸದಂತೆ ಮೀಸೆಗೆ ಕೈ ಹಾಕಿದ, ಬೆರಳು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಆ ಎರಡು ಕ್ಷಣ ನಾನು ಅಲೆಕ್ಸಾಂಡರನ ಸೈನಿಕನಾಗಿದ್ದೆ. ನಂತರ ಕೈ ಕುತ್ತಿಗೆಗೆ ಬಂತು. ನನ್ನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಗಂಟಲು ಒತ್ತಿದ. ನಾನು ಕೂಗಿದ್ದು ನನಗೇ ಕೇಳಲಿಲ್ಲ, ಹೊರಗಿನ ಅಳು ಅಷ್ಟು ಜೋರಾಗಿತ್ತು. ದೇವರಂಥಾ ಮನಶ್ಯಾ ಎಂಬ ಸಾಲು ಮೂರು ಸಲ ಬಂತು. ನಾಲ್ಕನೆಯ ಸಲಕ್ಕೆ ನನ್ನ ಕಣ್ಣು ಕತ್ತಲಾಗುತ್ತಿತ್ತು.

ಆಗ ನಾನು ಕೈಗೆ ಸಿಕ್ಕ ಕುಟ್ಟಾಣಿಯ ಕಬ್ಬಿಣದ ಕೋಲು ತೆಗೆದುಕೊಂಡು ಅಪ್ಪನ ತಲೆಗೆ ಹೊಡೆದೆ. ಎರಡು ಸಲ. ‘ಕುಟುಂಬ’ ಎಂಬ ಹೆಸರಿನಲ್ಲೇ ಕುಟ್ಟುವುದು ಇದೆ, ನೋಡು.

ಸತ್ತದ್ದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಅವ್ವ ಎದ್ದು, ನೆಲದ ರಕ್ತ ಒರೆಸಿ, ಉಳ್ಳಾಗಡ್ಡಿ ಬುಟ್ಟಿಗೆ ತುಂಬಿ, ಮುಂಬಾಗಿಲು ತೆಗೆದಳು. ಯಾರೂ ಏನೂ ಕೇಳಲಿಲ್ಲ, ಚಿನ್ನಕ್ಕಾ. ಯಾವಾಗ ಹೋದರು, ಹೇಗೆ ಹೋದರು ಎಂದು ಕೇಳಬೇಕಾದದ್ದನ್ನೆಲ್ಲ ದುರ್ಗೇಶ ಬೆಳಿಗ್ಗೆಯೇ ಹೇಳಿ ಮುಗಿಸಿದ್ದ. ನನ್ನ ಬಾತ ಮುಖ ನೋಡಿ ಹೆಂಗಸರು, ಅತ್ತು ಅತ್ತು ಹಿಂಗಾಗೇತಿ ಎಂದು ಸೆರಗಿನಲ್ಲಿ ಗಾಳಿ ಬೀಸಿದರು. ನಿನ್ನೆಯ ಹೆಣ, ಇನ್ನೂ ತಡ ಮಾಡಬಾರದೆಂದು ಭಟ್ಟರು ನೀರು ಚಿಮುಕಿಸಿ ಸ್ನಾನ ಮುಗಿಸಿದರು. ಓಣಿಯ ಡಾಕ್ಟರು ಬಾಗಿಲಲ್ಲೇ ನಿಂತು, ಮಾಸ್ತರರಿಗೆ ಬಿಪಿ ಇತ್ತಲ್ಲ ಎಂದು ತಾವೇ ಹೇಳಿಕೊಂಡು ಬರೆದುಕೊಟ್ಟರು. ನನ್ನ ಕೈ ಮುರಿದದ್ದು ಚಟ್ಟ ಇಳಿಸುವಾಗ ಮೆಟ್ಟಿಲಲ್ಲಿ ಜಾರಿ ಎಂದು ನಾನೇ ಹೇಳಿದೆ.

ಎಲ್ಲರಿಗಿಂತ ಮೊದಲು ಒಳಗೆ ಬಂದವನು ಲಕ್ಕಪ್ಪ. ಹೆಣ ಪಡಸಾಲೆಗೆ ತರುವಾಗ ತಲೆಯ ಕಡೆ ಹಿಡಿದವನೂ ಅವನೇ. ಹಿಡಿದ ಕೈ ನೋಡಿಕೊಂಡ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ‘ಮೈ ಇನ್ನ ಬೆಚ್ಚಗ ಐತ್ರಿ’ ಎಂದ. ಅವನೇ ಮತ್ತೆ, ‘ಬಿಸಲಿಗೆ ಇರಬೇಕ್ರಿ’ ಎಂದು ತನ್ನ ಹೆಗಲ ಟವೆಲ್ಲು ತೆಗೆದು ಅಪ್ಪನ ತಲೆ, ಗದ್ದ ಸೇರಿಸಿ ಬಿಗಿಯಾಗಿ ಕಟ್ಟಿದ. ಮನೆಯೊಳಗೆ ಬಿಸಿಲು ಬರುವುದಿಲ್ಲ, ನಿನಗೆ ಗೊತ್ತು. ಲಕ್ಕಪ್ಪನ ಎಡಗಿವಿ ಕೇಳುವುದಿಲ್ಲ ಎಂಬುದೂ ಗೊತ್ತು. ಎಂಟನೇ ಇಯತ್ತೆಯಲ್ಲಿ ಪಾಣಿಪತ್ ಯುದ್ಧದ ಇಸವಿ ತಪ್ಪಿದ್ದಕ್ಕೆ ಅಪ್ಪ ಕೊಟ್ಟ ಬಹುಮಾನ ಅದು.

ಸುಡುಗಾಡಿನಲ್ಲಿ ದುರ್ಗೇಶ ನನ್ನ ತಲೆ ಬೋಳಿಸಿ, ತುಟಿಯ ಹತ್ತಿರ ಕತ್ತಿ ತಂದು ನಿಂತ. ತೆಗೆಯಲು ಏನೂ ಇರಲಿಲ್ಲ. ‘ಇದು ಮುಂಜಾನೇನ ಆಗೇತ್ರಿ’ ಎಂದು ಭಟ್ಟರಿಗೆ ಹೇಳಿ ಕತ್ತಿ ಒರೆಸಿಕೊಂಡ.

ಇದೇ ನೀನು ಕೇಳಿದ ಖರೇ. ಒಂದು ಮಾತು ಕೇಳುತ್ತೇನೆ. ಹದಿಮೂರನೇ ದಿನ ಮುಗಿದ ಮೇಲೆ ಅವ್ವನನ್ನು ಬಾಗಲಕೋಟೆಗೆ ನಿನ್ನ ಮನೆಗೆ ಕರೆತರಲೇ? ಇಲ್ಲಿ ಅವಳು ದಿನಾ ಆ ನೆಲವನ್ನೇ ಒರೆಸುತ್ತಿದ್ದಾಳೆ. ನಿನ್ನ ಮನಸ್ಸು ಒಪ್ಪದಿದ್ದರೆ, ಪೊಲೀಸರಿಗೆ ತಿಳಿಸುವುದೇ ಸರಿ ಎನ್ನಿಸಿದರೆ, ತಿಳಿಸು. ಆದರೆ ಈ ಕಾಗದದಲ್ಲಿರುವಂತೆಯೇ ತಿಳಿಸು. ಹೊಡೆದವನು ನಾನು. ಬೇರೆ ಯಾರ ಹೆಸರೂ ಇದರಲ್ಲಿ ಬರಬಾರದು.

ಬೋಳುತಲೆಯ, ಬೋಳುತುಟಿಯ, ಎರಡು ಹಲ್ಲು ಕಡಿಮೆಯ ನಿನ್ನ ತಮ್ಮ,
ಸಂಕೇತ

ತಾ.ಕ.: ಚಿನ್ನೀ, ನಾನು ಅವ್ವ. ಸಂಕೇತ ಅಂಚಿ ಪೆಟ್ಟಿಗಿಗೆ ಹಾಕಿ ಬಾ ಅಂತ ಕಾಕಾನ ಕೈಯಾಗ ಕೊಡೂಕಿಂತ ಮೊದಲ ನಾನು ಬಿಚ್ಚಿ ಓದಿದೆ. ನಾನೂ ಎಡಗೈಲೆ ಬರೀಲಿಕ್ಕತ್ತೇನಿ. ಅವಂದು ಎಲ್ಲಾ ಖರೇ ಅದ, ಒಂದು ಬಿಟ್ಟು. ಮೊದಲನೇ ಏಟಿಗೇ ಅವನ ಕೈ ಮುರದಿತ್ತು, ಮ್ಯಾಲ ನಿಮ್ಮಪ್ಪ ಕೂತಿದ್ರು, ಕುಟ್ಟಾಣಿ ನನ್ನ ಕಾಲಾಗ, ಕೋಲು ನನ್ನ ಕೈಯಾಗ ಇತ್ತು. ಅವಗ ಹೆಂಗ ಸಿಗತದ? ಹೊಡದಾಕಿ ನಾನು. ಒಂದು ಏಟು ನಿನ್ನ ತೋಳಿಗೆ, ಒಂದು ಇವನ ಕೈಗೆ. ನನ್ನ ಅಂಗೈದು ನಾನು ಬಿಟ್ಟೆ. ಅವನ ಹೆಸರು ಎಲ್ಲೂ ಹೇಳಬ್ಯಾಡ. ಪೊಲೀಸರನ್ನ ಕಳಸತಿದ್ರ ಕಳಸು, ಇಲ್ಲಾ ಬಾ ಅಂದ್ರ ಬರ್ತೀನಿ, ಎರಡಕ್ಕೂ ಒಂದೇ ಚೀಲ ಕಟ್ಟಿಟ್ಟೇನಿ. ಮತ್ತ ಚಟ್ನಿಪುಡಿಗೆ ಹುಣಸಿಹಣ್ಣು ಬರೀಲಿಕ್ಕೆ ಮರತಾನ. ಒಂದು ಲಿಂಬಿಹಣ್ಣಿನಷ್ಟು ಹಾಕು.