ಎರಡನೆಯ ರಾಷ್ಟ್ರಗೀತೆ

೧೨ ಮಾರ್ಚ್ ೧೯೯೫, ಭಾನುವಾರ
ಚೋವಾ ಚು ಕಾಂಗ್, ಸಿಂಗಾಪುರ

ಹೂಬರ್ ಅಂಕಲ್ ಅವರ ಮೊಣಕಾಲು ನಡುಗಿದ್ದು ಕಣ್ಣಿನಿಂದ ಹೋಗುತ್ತಿಲ್ಲ. ಪಕ್ಕದ ಮನೆಯ ಈ ತೊಂಬತ್ತರ ಮುದುಕ ಪ್ರಾಯದಲ್ಲಿ ಎರಡು ದೇಶಗಳ ಪೌರ, ಎರಡಕ್ಕೂ ಫುಟ್‌ಬಾಲ್ ಆಡಿದವರು. ಇವತ್ತು ಟಿವಿಯಲ್ಲಿ ಆ ಎರಡು ದೇಶಗಳದ್ದೇ ಪಂದ್ಯ. ಮೊದಲ ರಾಷ್ಟ್ರಗೀತೆಗೆ ನನ್ನ ತೋಳು ಹಿಡಿದು ಎದ್ದರು. ಮುಗಿದಾಗ, "ಸಾಕು ಅಂಕಲ್, ಕೂತ್ಕೊಳ್ಳಿ" ಎಂದೆ.

"ಇರು, ಇನ್ನೊಂದೂ ನನ್ನದೇ."

ರಾತ್ರಿ ನಮ್ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಗಂಡ, "ಉಮಾ, ಸಿಂಗಾಪುರದ ಸಿಟಿಜನ್ ಆಗ್ಬೇಕಾದ್ರೆ ನಾಳೆ ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸ್ಬೇಕು, ನೆನಪಿದೆಯಲ್ಲ?" ಎಂದರು.

"ಆಮೇಲೆ ಜನಗಣಮನಕ್ಕೆ ಎದ್ದು ನಿಲ್ಬಹುದಾ?"

"ನಿಂತ್ಕೋ ಮಾರಾಯ್ತಿ, ಯಾರು ಬೇಡ ಅಂತಾರೆ?" ಅನ್ನ ಕಲಸುವ ಕೈ ನಿಲ್ಲಲಿಲ್ಲ.

ಯಾರೂ ಬೇಡ ಅನ್ನುವುದಿಲ್ಲ. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ನಿಲ್ಲುತ್ತೇನೆ. ಆದರೆ ಅಂಕಲ್ ಹೇಳಿದ ಹಾಗೆ, ಇದೂ ನನ್ನದೇ ಎಂದು ಹೇಳಲು ನಾಳೆಯಿಂದ ನನಗಾಗುವುದಿಲ್ಲ.