ರಿಜಿಸ್ಟರಿಗೆ ಸಿಗದ ಬಂಡೆ

ಆನ್ಸ್ ಗಾಲೆ,
೧೪ ಜೂನ್ ೧೯೯೪, ಮಂಗಳವಾರ

ಪ್ರೀತಿಯ ತಮ್ಮ ಸಿಪ್ರಿಯನ್‌ಗೆ ಅಕ್ಕ ವಿತಾಲಿನ್ ಮನಸಾರೆ ಹರಸಿ ಬರೆಯುವುದು.

ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಕಳೆದ ಸಲ ಬಂದಾಗ ದೋಣಿಯಿಂದ ಇಳಿಸಲು ಇಬ್ಬರು ಕೈ ಹಿಡಿಯಬೇಕಾಯಿತು. ನಾನು ನೋಡಲಿಲ್ಲ ಎಂದುಕೊಳ್ಳಬೇಡ. ಬ್ರಸೆಲ್ಸಿನ ಚಳಿಗೆ ಜಾಯಿಕಾಯಿ ಎಣ್ಣೆ ಬಿಸಿ ಮಾಡಿ ತಿಕ್ಕಿಕೊ. ರಾಯಭಾರಿಯ ಮಂಡಿಯೂ ಮಂಡಿಯೇ. ನಾನು ಚೆನ್ನಾಗಿದ್ದೇನೆ. ಎಡಗಣ್ಣಿಗೆ ಪೊರೆ ಬಂದಿದೆ, ಸೂಜಿಗೆ ದಾರ ಪೋಣಿಸಲು ಪಕ್ಕದ ಎಜೆನಿಯನ್ನು ಕರೆಯಬೇಕು. ಆದರೆ ಎಪ್ಪತ್ತಾಯಿತೆಂದು ಹೊಲಿಗೆ ಬಿಟ್ಟವಳಲ್ಲ ನಾನು.

ಇನ್ನು ಸುದ್ದಿ. ತೀರ್ಪು ಏನೆಂದು ನಿನಗೆ ಗೊತ್ತು, ವಾದ ಮಾಡಿ ಗೆದ್ದವನು ನೀನೇ. ಆದರೆ ಹೇಗ್ ಪಟ್ಟಣದ ದೊಡ್ಡ ಕೋಣೆಯಲ್ಲಿ ಕೂತವನಿಗೆ ಇಲ್ಲಿ ಏನಾಯಿತೆಂದು ಯಾರು ಹೇಳಬೇಕು? ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆಲ್ಲ ಎಜೆನಿಯ ರಮ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಡಿಯೋ ಅಲ್ಲಿ ಮಾತ್ರ ಚೆನ್ನಾಗಿ ಕೇಳುತ್ತದೆ ಎಂಬ ನೆಪ ಹೇಳಿಕೊಂಡು ಪಾದ್ರಿಗಳೂ ಬಂದಿದ್ದರು. ನ್ಯಾಯಾಧೀಶರು ಓದುತ್ತಾರೆ, ಓದುತ್ತಾರೆ, ಮುಗಿಯುವುದೇ ಇಲ್ಲ. ಮುದುಕ ಗಾಸ್ಪಾರ್‌ಗೆ ತಾಳ್ಮೆ ಕೆಟ್ಟಿತು. "ಅರ್ಧ ಗಂಟೆಯಿಂದ ಬರೀ ಪೀಠಿಕೆನೇ ಹಾಕ್ತಾವ್ರೆ. ಮೀನಾಗಿದ್ರೆ ಇಷ್ಟೊತ್ತಿಗೆ ಕೊಳೆತು ನಾರ್ತಿತ್ತು" ಎಂದ. ಆಗಲೇ ನಮ್ಮ ಬಂಡೆಯ ಹೆಸರು ಬಂತು. ಟಿ-ರೋಶ್ ನಮ್ಮ ದೇಶದ್ದು, ಅದರ ಸುತ್ತಲಿನ ಮೀನಿನ ಕಡಲೂ ನಮ್ಮದು, ಐವರು ನ್ಯಾಯಾಧೀಶರದೂ ಒಂದೇ ಮಾತು. ಎದುರಿನ ದೊಡ್ಡ ದೇಶದ ಕಾವಲು ಹಡಗು ಎರಡು ವರ್ಷದ ಹಿಂದೆ ಗಾಸ್ಪಾರ್‌ನ ದೋಣಿಯನ್ನು ಹಿಡಿದುಕೊಂಡು ಹೋದ ಮೇಲೆ ಅವನು ಹವಳದ ಸಾಲು ದಾಟಿದವನಲ್ಲ. ಅಂಥವನು ಅಂಗಡಿಯ ನೆಲದ ಮೇಲೆ ಕೂತು ಗಳಗಳನೆ ಅತ್ತುಬಿಟ್ಟ.

ಆಮೇಲೆ ಶಂಖ ಊದಿದರು ನೋಡು. ನಮ್ಮ ಕೊಲ್ಲಿಯಿಂದ ಮುಂದಿನ ಕೊಲ್ಲಿಗೆ, ಅಲ್ಲಿಂದ ಅದರಾಚೆಗೆ, ಹೀಗೆ ದ್ವೀಪ ಸುತ್ತಿ ಶಂಖದ ದನಿ ಮತ್ತೆ ನಮಗೇ ಕೇಳಿಸಿತು. ಹದಿನೇಳು ದೋಣಿಗಳು ಟಿ-ರೋಶ್‌ಗೆ ಹೋದವು. ಮಧ್ಯಾಹ್ನಕ್ಕೆ ಹಾರುಮೀನು ತುಂಬಿಕೊಂಡು ಬಂದವು. ದೀಗುಜ್ಜೆ ಸುಟ್ಟು, ಮೀನು ಹುರಿದು, ಊರಿಗೆ ಊರೇ ಕಡಲ ದಂಡೆಯಲ್ಲಿ ಉಂಡಿತು. ನನ್ನನ್ನು ಕುರ್ಚಿಯ ಸಮೇತ ಎತ್ತಿ ಮೆರೆಸಿದರು. "ಮಾ ವಿತಾ, ನಿಮ್ಮ ತಮ್ಮ ಕಡಲನ್ನೇ ಗೆದ್ದುಬಿಟ್ಟ" ಎಂದ ಗಾಸ್ಪಾರ್. "ಅವನದು ಬರೀ ಬಾಯಿ ಕಣೋ. ಮರ ತೋರಿಸಿದೋಳು ನಾನು" ಎಂದೆ. ಸ್ವಲ್ಪ ಜಂಬ ಮಾಡಿದೆ, ಬೈಯಬೇಡ.

ಮಾರ್ಚಿನಲ್ಲಿ ಆ ಐವರೂ ಟಿ-ರೋಶ್ ನೋಡಲು ಬಂದ ದಿನ ನೆನೆದರೆ ಈಗಲೂ ನಗು ಬರುತ್ತದೆ. ಕರಿ ಸೂಟು ಹಾಕಿಕೊಂಡು ನೀನು ದೋಣಿಯಂಚಿಗೆ ಬಗ್ಗಿ ವಾಂತಿ ಮಾಡುತ್ತ, ಈ ತಿಂಗಳಲ್ಲಿ ಅಲೆ ಜಾಸ್ತಿ ಎಂದು ಕಡಲನ್ನು ದೂರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎದುರಿನ ದೇಶದವರ ವಾದ ಒಂದೇ ಆಗಿತ್ತು: ಅದು ಹಕ್ಕಿ ಹಿಕ್ಕೆ ಹಾಕುವ ಬರಿ ಬಂಡೆ, ಮನುಷ್ಯರು ಯಾವತ್ತೂ ಅಲ್ಲಿ ಬಾಳಿದ್ದಿಲ್ಲ. ಮನುಷ್ಯರು ಬಾಳಿದ್ದಿಲ್ಲವಂತೆ. ಪ್ರತಿ ವರ್ಷ ಹಾರುಮೀನಿನ ಕಾಲಕ್ಕೆ ನಮ್ಮೂರಿನ ಅರ್ಧ ಮಂದಿ ಗುಡಿಸಲು ಹಾಕಿಕೊಂಡು ನಾಲ್ಕು ತಿಂಗಳು ಅಲ್ಲೇ ಇರುತ್ತಿದ್ದೆವಲ್ಲ. ಬಸುರಿಯರು ಅಲ್ಲೇ ಹೆತ್ತರು. ಹುಟ್ಟಿದ ಮಗುವಿನ ಹೊಕ್ಕುಳ ಬಳ್ಳಿ ಹೂಳಿ, ಅದರ ಮೇಲೆ ಒಂದು ತೆಂಗಿನ ಸಸಿ ಇಟ್ಟರು. ಆ ಮರ ಆ ಮಗುವಿನದು, ಸಾಯುವ ತನಕ. ನಾನು ಮರದಿಂದ ಮರಕ್ಕೆ ನಡೆದು ಇಪ್ಪತ್ತಮೂರು ಮರಗಳ ಹೆಸರು ಹೇಳಿದೆ, ಯಾರದು, ಯಾವ ವರ್ಷದ್ದು, ಹೆರಿಗೆ ಮಾಡಿಸಿದವಳು ಯಾರು ಎಂದು. ಅವರ ವಕೀಲ ಮೂಗು ಮುರಿದ. "ಎಲ್ಲ ತೆಂಗಿನ ಮರಾನೂ ಒಂದೇ ಥರ ಇರತ್ತಲ್ಲಮ್ಮ, ಯಾವುದು ಯಾರದು ಅಂತ ಹೇಗೆ ಗೊತ್ತಾಗತ್ತೆ?" ಎಂದ. "ನಿಮ್ಮ ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ನನಗೂ ಒಂದೇ ಥರ ಕಾಣ್ತಾರೆ. ಹಾಗಂತ ನಿಮಗೆ ಗುರ್ತು ಸಿಗಲ್ವಾ ಸ್ವಾಮಿ?" ಎಂದೆ. ಐವರಲ್ಲಿ ಒಬ್ಬರು ಕೆಮ್ಮಿದರು. ನಗು ತಡೆಯಲು ಕೆಮ್ಮಿದ್ದು, ನನಗೆ ಗೊತ್ತು.

ಕೊನೆಯ ಮರ ನಿನ್ನದು. ಆಗ ಅವರ ವಕೀಲ ಆ ಕಾಗದ ತೆಗೆದ, ನಿನ್ನ ಜನನ ಪತ್ರ. "ಹುಟ್ಟಿದ ಜಾಗ: ಆನ್ಸ್ ಗಾಲೆ." ಜೊತೆಗೆ ಅರುವತ್ತಾರರ ಚುನಾವಣೆಯ ಕಾಲದ ಸುದ್ದಿಪತ್ರಿಕೆಯೊಂದು. ಆ ಚುನಾವಣೆಯನ್ನು ನಾನು ಮರೆತಿಲ್ಲ. ಎದುರು ಪಕ್ಷದವರು ವ್ಯಾನಿಗೆ ಮೈಕು ಕಟ್ಟಿ "ಹಿಕ್ಕೆ ಮೇಲೆ ಹುಟ್ಟಿದೋನಿಗೆ ಓಟು ಹಾಕ್ತೀರಾ?" ಎಂದು ಬೀದಿ ಬೀದಿ ಸುತ್ತಿದರು. ನೀನು ಸಂತೆಯ ಕಟ್ಟೆ ಹತ್ತಿ ಇದೇ ಕಾಗದ ಬೀಸಿ "ಓದ್ಕೊಳ್ಳಿ, ನಾನು ಆನ್ಸ್ ಗಾಲೆಯೋನು" ಎಂದೆ. ಗೆದ್ದೆ, ಮಂತ್ರಿಯಾದೆ. ಆ ಗೆಲುವು ಇಪ್ಪತ್ತೆಂಟು ವರ್ಷದ ಮೇಲೆ ಆ ವಕೀಲನ ಕೈಯಲ್ಲಿ ಕತ್ತಿಯಾಗಿ ಬಂತು. "ಸರ್ಕಾರದ ಪುಸ್ತಕ ಸುಳ್ಳು ಹೇಳ್ತಿದೆಯೋ, ನೀವು ಸುಳ್ಳು ಹೇಳ್ತಿದೀರೋ?" ಎಂದು ನನ್ನನ್ನು ಕೇಳಿದ. ನಿನ್ನ ಮುಖ ಬಿಳಿಚಿಕೊಂಡಿತ್ತು. ನಾನೆಂದೆ, "ಪುಸ್ತಕಕ್ಕೇನು ಗೊತ್ತು? ಹೇಳಿದೋರು ಸುಳ್ಳು ಹೇಳಿದ್ರು, ಬರ್ಕೊಂಡೋರು ಬರ್ಕೊಂಡ್ರು. ಮಗು ಹುಟ್ಟಿದಾಗ ಬಿಸಿನೀರು ಹೊತ್ತುಕೊಟ್ಟೋಳು ನಾನು, ಪುಸ್ತಕ ಅಲ್ಲ."

ಈಗ ಊರಿನವರೆಲ್ಲ ನಿನ್ನ ಕಥೆ ಹೇಳುವುದೇ ಹೇಳುವುದು. ಹೆಂಗಸರ ಪ್ರಾರ್ಥನಾ ಸಂಘದ ಕರಿ ಬಟ್ಟೆಯಲ್ಲಿ ನಾನು ನಿನಗೆ ಮೊದಲ ವಕೀಲಿ ಗೌನು ಹೊಲಿದದ್ದು, ಒಂದು ತೋಳು ಗಿಡ್ಡವಾಗಿ ನೀನು ಬಲಗೈ ಎತ್ತದೆಯೇ ಮೊದಲ ಮೊಕದ್ದಮೆ ವಾದಿಸಿದ್ದು, ಆ ಗತ್ತು ನೋಡಿ ಜಡ್ಜಿ ಹೆದರಿದರೆಂದು ಎಲ್ಲರೂ ನಂಬಿದ್ದು. ಆಮೇಲೆ ಚುನಾವಣೆಯಲ್ಲಿ ಎರಡು ಸಲ ಸೋತದ್ದನ್ನು ಯಾರೂ ಹೇಳುವುದಿಲ್ಲ. ಸೋತವನನ್ನು ದೂರ ಇಡಲು ರಾಯಭಾರಿ ಮಾಡಿ ಕಳಿಸಿದರು, ಇದರಲ್ಲಿ ಮುಚ್ಚುಮರೆ ಏನು? ಅವರು ಸಾಗಹಾಕಿದವನೇ ಕಡಲನ್ನು ವಾಪಸು ತಂದ. ನನಗಾದ ಸಂತೋಷಕ್ಕೆ ಎಣೆಯಿಲ್ಲ, ತಮ್ಮ. ಅಮ್ಮ ಇದ್ದಿದ್ದರೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ.

ತೀರ್ಪಿನ ಹಿಂದೆಯೇ ರೇಡಿಯೋದವರು ನಿನ್ನ ಕೊನೆಯ ವಾದವನ್ನೂ ಕೇಳಿಸಿದರು. "ನಾನು ಆ ಬಂಡೆಯ ಮೇಲೆ ಹುಟ್ಟಿದೆ. ಅದನ್ನು ಹೇಳಿಕೊಳ್ಳಲು ನನ್ನ ತಂದೆ ನಾಚಿ ಬೇರೆ ಊರು ಬರೆಸಿದರು. ಒಂದು ಚುನಾವಣೆಗಾಗಿ ನಾನೂ ನಾಚಿದೆ. ಇವತ್ತು ನಾಚುವುದಿಲ್ಲ." ಅಂಗಡಿಯಲ್ಲಿ ಚಪ್ಪಾಳೆಯ ಸದ್ದಿಗೆ ಎಜೆನಿಯ ಸೀಸೆಗಳು ಗಲಗಲ ಎಂದವು. ನಾನು ಚಪ್ಪಾಳೆ ತಟ್ಟಲಿಲ್ಲ. ಸಂತೋಷಕ್ಕೆ ಮೈಮರೆತಿದ್ದೇನೆ ಎಂದುಕೊಂಡರು.

ಜುಲೈ ಎರಡಕ್ಕೆ ನೀನು ಬರುವುದೆಂದು ಸರ್ಕಾರದವರು ಹೇಳಿ ಹೋಗಿದ್ದಾರೆ. ಹಡಗುಕಟ್ಟೆಯಲ್ಲೇ ಸಭೆ, ಬ್ಯಾಂಡು, ಭಾಷಣ ಎಲ್ಲ ಇದೆಯಂತೆ. ನಿನಗೊಂದು ತೆಳು ಅಂಗಿ ಹೊಲಿಯುತ್ತಿದ್ದೇನೆ, ಎರಡು ತೋಳೂ ಸಮ ಇರುತ್ತವೆ. ನಿನ್ನ ಹೆಂಡತಿಗೆ, ಮಕ್ಕಳಿಗೆ ನನ್ನ ಮುತ್ತುಗಳು. ಕಡಲ ತಾಯಿ ಮೇರಿ ನಿನ್ನ ದಾರಿಯ ಅಲೆಗಳನ್ನು ಮಲಗಿಸಲಿ, ಹೊಟ್ಟೆ ತೊಳಸದ ಹಾಗೆ ಕರೆತರಲಿ.

ನಿನ್ನ ಅಕ್ಕ,
ವಿತಾಲಿನ್ ಮೋಂದೆಸಿರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅಂಚೆಯ ವ್ಯಾನು ತಿರುವಿಗೆ ಬಂದಿದೆ, ಬೇಗ ಬೇಗ ಬರೆಯುತ್ತೇನೆ. ಅಪ್ಪ ನಾಚಲಿಲ್ಲ. ಹೆಸರು ಬರೆಸಲು ಹೋದ ದಿನ ನಾನೂ ಜೊತೆಗಿದ್ದೆ. ಮನೆಯ ಮಾತು ಬಿಟ್ಟು ಅಪ್ಪನಿಗೆ ಬೇರೆ ಮಾತು ಬಾರದು, ರಿಜಿಸ್ಟ್ರಾರಿಗೆ ಇಂಗ್ಲಿಷ್ ಬಿಟ್ಟು ಬೇರೆಯದು ಕಿವಿಗೆ ಬೀಳದು. ಅವರು ನಮ್ಮ ಶಾಲೆಯ ಮೇಷ್ಟ್ರೂ ಹೌದು. ಆಗೆಲ್ಲ ಇಂಥ ಕೆಲಸಕ್ಕೆ ಓದುವ ಮಕ್ಕಳನ್ನೇ ಕರೆದುಕೊಂಡು ಹೋಗುತ್ತಿದ್ದರಲ್ಲ, ಹಾಗೆ ಹನ್ನೆರಡು ವರ್ಷದ ನಾನು ನಡುವೆ ನಿಂತೆ. ಎಲ್ಲಿ ಹುಟ್ಟಿತು ಎಂದರು. ಅಪ್ಪ ಟೋಪಿ ತೆಗೆದು, ಎದೆ ಉಬ್ಬಿಸಿ, "ಟಿ-ರೋಶ್ ಅಂತ ಬರ್ಕೊಳ್ಳೋಕೆ ಹೇಳು ಮಗಳೇ, ನಡುಗಡಲಲ್ಲಿ ಹುಟ್ಟಿದ ಗಂಡು ಅಂತ ಹೇಳು" ಎಂದ. ಶಾಲೆಯಲ್ಲಿ ನಮ್ಮನ್ನು ಹಿಕ್ಕೆ ಮಕ್ಕಳು ಎಂದು ಆಡಿಕೊಳ್ಳುತ್ತಿದ್ದರು. ನಾನು ಮೇಷ್ಟ್ರಿಗೆ "ಆನ್ಸ್ ಗಾಲೆಯಲ್ಲಿ, ಸರ್" ಎಂದೆ. ಅಪ್ಪ ಹೆಬ್ಬೆಟ್ಟು ಒತ್ತಿದ. ಬಂಡೆಯ ಹೆಸರು ಸರ್ಕಾರದ ಪುಸ್ತಕಕ್ಕೆ ಏರಿತೆಂದು ದಾರಿಯುದ್ದಕ್ಕೂ ಹಾಡಿಕೊಂಡು ಬಂದ. ನೀನು ಓದಲು ಲಂಡನ್ನಿಗೆ ಹೊರಟ ವಾರ ಆ ಕಾಗದ ಹಿಡಿದು "ನಾಚಿಕೆ ಆಯ್ತೇನಪ್ಪಾ ನಿನಗೆ?" ಎಂದು ಕೇಳಿದೆಯಲ್ಲ, ಆಗ ಅಪ್ಪ ನಿನ್ನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಎಲ್ಲ ಅರ್ಥವಾಯಿತು ಅವನಿಗೆ. ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ. ನೀನು ತಿರುಗಿ ಬರುವಷ್ಟರಲ್ಲಿ ಹೋಗಿಯೇಬಿಟ್ಟ. ಅಪ್ಪ ಹೋದ ಮೇಲಾದರೂ ಹೇಳಬಹುದಿತ್ತು, ನನಗೆ ಧೈರ್ಯವಾಗಲಿಲ್ಲ. ಕ್ಷಮಿಸು ಎಂದು ಕಾಗದದಲ್ಲಿ ಕೇಳುವುದಿಲ್ಲ. ಎರಡನೇ ತಾರೀಖು ಹಡಗುಕಟ್ಟೆಯಲ್ಲಿ ಮೈಕು ಕೊಟ್ಟಾಗ, ಎಲ್ಲರಿಗೂ ಕೇಳುವ ಹಾಗೆ, ನಾಚಿದವಳು ಅಕ್ಕ, ಅಪ್ಪನಲ್ಲ ಎಂದು ಹೇಳು. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.