ಎಡಗಾಲಿನ ಕೆಂಪು ಮೆಟ್ಟು

ಮಾರ್ಚ್ ೪. ನಿಕೇಯ

ಇವತ್ತು ಹನ್ನೊಂದು ಪಾದ. ಏಳು ದೊಡ್ಡವು, ನಾಲ್ಕು ಚಿಕ್ಕವು. ಒಂದೂ ಒಪ್ಪಲಿಲ್ಲ.

ಸೊಂಟ ಬಿದ್ದುಹೋಗಿದೆ. ಬೆಳಿಗ್ಗೆಯಿಂದ ಮಂಡಿಯೂರಿ ಕೂತು ಹೆಣ್ಣುಮಕ್ಕಳ ಹಿಮ್ಮಡಿ ತಳ್ಳೋದೇ ಕೆಲಸ. ದೊರೆಗೆ ಇಪ್ಪತ್ತು ತುಂಬಿತು, ಹೆಂಡತಿ ಬೇಕು. ಅವರ ತಾಯಿ ನಮ್ಮನ್ನ ಊರೂರು ಅಲೆಸ್ತಿದಾರೆ. ಕಂಚುಕಿ ಅನ್ಥಿಮೋಸ್ ಹತ್ತಿರ ಎತ್ತರ ನೋಡೋ ಕೋಲು, ಮುಖ ಹೋಲಿಸೋ ಚಿತ್ರ. ನನ್ನ ಹತ್ತಿರ ಮೆಟ್ಟು. ಕೆಂಪು ಚರ್ಮ, ಮುತ್ತಿನ ಕಸೂತಿ, ಎಡಗಾಲಿನದು. ಬಲಗಾಲಿನದು ಅರಮನೆಯ ಪೆಟ್ಟಿಗೆಯಲ್ಲಿದೆ, ಮೊಹರು ಒತ್ತಿ. ರಾಣಿಯಾಗೋಳು ಮದುವೆ ದಿನ ಈ ಜೋಡಿಯನ್ನೇ ಹಾಕ್ಕೋಬೇಕು.

"ನಿನ್ನ ಕೈಯಲ್ಲಿ ಸಾಮ್ರಾಜ್ಯ ಇದೆ ಗ್ಲಿಕೇರಿಯಾ, ಜೋಪಾನ" ಅಂದ ಅನ್ಥಿಮೋಸ್.

"ಮೂಸಿ ನೋಡಿ ಸ್ವಾಮಿ. ಹನ್ನೊಂದು ಜನದ ಬೆವರು. ಸಾಮ್ರಾಜ್ಯಕ್ಕೆ ಸ್ನಾನ ಆಗಬೇಕು."

ನಕ್ಕ. ಒಳ್ಳೆಯ ಮುದುಕ.

ಮಾರ್ಚ್ ೯. ಸಂಗಾರಿಯೋಸ್ ಹೊಳೆಯಾಚೆ, ಛತ್ರ

ಸ್ನಾನ ಆಯಿತು. ಬಾಯಲ್ಲಿ ಬಂದದ್ದು ಹಾಗೇ ನಡೆದುಹೋಯ್ತು.

ಹೇಸರಗತ್ತೆ ಕಾಲು ಜಾರಿ ನನ್ನ ಗಂಟೆಲ್ಲ ನೀರಿಗೆ. ಮೆಟ್ಟು ತೊಯ್ದು ತೊಪ್ಪೆ. ಒಲೆ ಪಕ್ಕ ಇಟ್ಟು, ಬೇಳೆ ಗಂಜಿ ಕುಡಿದು ಬಂದೆ. ಅಷ್ಟರಲ್ಲಿ ಛತ್ರದವಳು ಇನ್ನೊಂದು ಹೊರೆ ಸೌದೆ ಒಟ್ಟಿದ್ದಳು. ಚರ್ಮ ಮುಟ್ಟಿದರೆ ಸುಡ್ತಿತ್ತು.

ಏನೂ ಆಗಿಲ್ಲ. ಬಣ್ಣ ಹಾಗೇ ಇದೆ. ಸ್ವಲ್ಪ ಬಿರುಸು, ಅಷ್ಟೇ. ಅನ್ಥಿಮೋಸ್‌ಗೆ ಹೇಳಲಿಲ್ಲ.

ಮಾರ್ಚ್ ೧೪. ದೋರಿಲಯೋನ್, ಮಧ್ಯಾಹ್ನ

ಸೇನಾಪತಿ ಮರಿಯಾನೋಸನ ಮನೆ. ಉಳಿದ ಊರುಗಳೆಲ್ಲ ಬರೀ ತೋರಿಕೆಗೆ — ಅದು ನಮಗೂ ಗೊತ್ತು, ಸೇನಾಪತಿಗೂ ಗೊತ್ತು. ಪೂರ್ವದ ಗಡಿ ಇರೋದು ಅವನ ಕೈಯಲ್ಲಿ. ಅವನ ಮಗಳು ರಾಣಿಯಾದರೆ ಗಡಿ ನಮ್ಮದು. ಹೊರಡೋ ಮುಂಚೆಯೇ ಅವಳ ಕಾಲಳತೆ ಗುಟ್ಟಾಗಿ ತರಿಸಿ ಜೋಡಿ ಹೊಲಿಸಿದ್ರಂತೆ ದೊರೆಯ ತಾಯಿ. ಅನ್ಥಿಮೋಸ್ ದಾರಿಯಲ್ಲಿ ಕಿವಿಯಲ್ಲಿ ಹೇಳಿದ್ದ.

ಆ ಮಗಳು ಸೆವಾಸ್ತೀ ಬಂದು ಕೂತಳು. ಎತ್ತರ ಸರಿ. ಮುಖ ಸರಿ. ಕಾಲು ಚಾಚಿದಳು.

ಹೋಗಲಿಲ್ಲ.

ತಿರುಗಿಸಿ ತಳ್ಳಿದೆ. ಎಣ್ಣೆ ಸವರಿ ತಳ್ಳಿದೆ. ಹಿಮ್ಮಡಿ ಹೊರಗೇ ನಿಂತಿತು. ಅವಳ ತಮ್ಮ ಕಿಸಕ್ಕಂತ ನಕ್ಕ. "ಅಕ್ಕಾ, ನಿಂಗೆ ದೋಣಿ ತರಿಸಬೇಕು."

"ಮುಚ್ಚೋ ಬಾಯಿ" ಅಂದಳು. ನನ್ನ ಕಡೆ ತಿರುಗಿ, ಮೆಲ್ಲಗೆ, "ಇನ್ನೊಂದು ಸಲ ನೋಡಮ್ಮ."

ಇನ್ನೊಂದು ಸಲ ನೋಡಿದೆ. ಸುತ್ತ ನಲವತ್ತು ಜನ. ಎಲ್ಲರೂ ಆ ಹಿಮ್ಮಡಿಯನ್ನೇ ನೋಡ್ತಿದ್ದರು. ಸೇನಾಪತಿಯ ಕುತ್ತಿಗೆ ಕೆಂಪಾಯ್ತು, ಆಮೇಲೆ ಕಿವಿ.

ಅದೇ ದಿನ, ಸಂಜೆ

ಅರಮನೆ ಚಮ್ಮಾರ ಕೊಟ್ಟ ದಾರ ಇತ್ತು. ಎರಡು ಗಂಟು, ಗಂಟಿನಿಂದ ಗಂಟಿಗೆ ಮೆಟ್ಟಿನ ಉದ್ದ. ಹಿಡಿದು ನೋಡಿದೆ.

ಅರ್ಧ ಬೆರಳು ಕಮ್ಮಿ.

ದೇವರ ತಾಯೇ. ಕುಗ್ಗಿದೆ.

ಮಾರ್ಚ್ ೧೫

ಹೇಳಿಬಿಡೋಣ ಅಂತಲೇ ಎದ್ದೆ. ಅನ್ಥಿಮೋಸ್ ಆಗಲೇ ಪಟ್ಟಿಗೆ ರುಜು ಹಾಕಿದ್ದ — "ಪಾದ ಒಪ್ಪಲಿಲ್ಲ."

"ಸ್ವಾಮಿ, ಮೆಟ್ಟಿನಲ್ಲೇ ಏನಾದರೂ ಐಬಿದ್ದರೆ?"

"ಇದ್ದರೆ ಹೊತ್ತವಳ ಮೂಗು ಹೋಗುತ್ತೆ, ರುಜು ಹಾಕಿದವನ ಕಣ್ಣು. ಯಾಕೆ ಕೇಳ್ತೀಯಾ?"

"ಸುಮ್ಮನೆ."

ಪಟ್ಟಿ ಮಡಚಿ ಗಂಟಿಗೆ ಸೇರಿಸಿದ. "ಸುಮ್ಮನೆ ಅಂದಮೇಲೆ ಸುಮ್ಮನೇ ಇರು."

ದಿನವಿಡೀ ಮೂಗು ಮುಟ್ಟಿ ಮುಟ್ಟಿ ನೋಡ್ಕೊಳ್ತಿದೀನಿ.

ಏಪ್ರಿಲ್ ೨. ಗಂಗ್ರಾ

ಒಪ್ಪಿತು. ಹದಿನೇಳರ ಹುಡುಗಿ, ಪೆಲಾಗಿಯಾ. ಅಪ್ಪ ಇಲ್ಲ, ತಾಯಿ ಹಂದಿ ಸಾಕ್ತಾಳೆ. ಮೆಟ್ಟು ಸರ್ರಂತ ಒಳಗೆ ಹೋದಾಗ ಅನ್ಥಿಮೋಸ್ ಶಿಲುಬೆಯ ಗುರುತು ಹಾಕಿಕೊಂಡ. ನಾನೂ ಹಾಕಿಕೊಂಡೆ.

"ನಾನಾ? ನಿಜವಾಗ್ಲೂ?" ಅಂತ ಹುಡುಗಿ ನಗ್ತಿದ್ದಾಳೆ. ಅವಳ ತಾಯಿ ನಮಗೆಲ್ಲ ಹಂದಿ ಕೊಬ್ಬಲ್ಲಿ ಮೊಟ್ಟೆ ಹುರಿದು ಹಾಕಿದಳು. ನನ್ನ ಪಾಲು ನಾಯಿಗೆ ಹಾಕಿದೆ.

ಮೇ ೨೦. ಪಟ್ಟಣ

ಇಡೀ ನಾಡು ಸುತ್ತಿ ಆರು ಜನರನ್ನ ಕರೆತಂದೆವು. ಮೆಟ್ಟು ಹಿಡಿಸಿದ್ದು ಅವರಿಗೆ ಮಾತ್ರ. ದೊರೆ ಪೆಲಾಗಿಯಾಳ ಮುಂದೆ ನಿಂತು ಏನೋ ಕೇಳಿದ. ಅವಳು ಏನೋ ಅಂದಳು. ಜೋರಾಗಿ ನಕ್ಕುಬಿಟ್ಟ. ಮುಗೀತು. ದೊರೆಯ ತಾಯಿಯ ಮುಖ ಕಪ್ಪಿಟ್ಟಿತು. ಆದರೆ ಕಾಯಿದೆ ಕಾಯಿದೆಯೇ. ಪಾದ ಒಪ್ಪದವಳನ್ನ ಅವರೂ ತರೋಹಾಗಿಲ್ಲ.

ಮೇ ೨೮. ಮದುವೆ ದಿನ, ಬೆಳಿಗ್ಗೆ

ಪೆಟ್ಟಿಗೆಯ ಮೊಹರು ಒಡೆದರು. ಬಲಗಾಲಿನದು ಹೊರಬಂತು. ಪಕ್ಕದಲ್ಲಿಡಬೇಡಿ, ಪಕ್ಕದಲ್ಲಿಡಬೇಡಿ ಅಂತ ಒಳಗೊಳಗೇ ಬೇಡ್ಕೊಂಡೆ. ನಾನೇ ಬಗ್ಗಿ ತೊಡಿಸಿದೆ. ತೊಡಿಸೋ ಮುಂಚೆ ಬಲಗಾಲಿನದಕ್ಕೆ ಗುಟ್ಟಾಗಿ ಉಣ್ಣೆ ತುರುಕಿದ್ದೆ.

"ಅಕ್ಕಾ, ಒಂದು ಸರಿಯಾಗಿದೆ, ಒಂದು ಸಡಿಲ. ನನ್ನ ಕಾಲು ಸೊಟ್ಟವಾ?"

"ಎಲ್ಲರ ಕಾಲೂ ಹಾಗೇ ಕಣಮ್ಮ. ಮೆಲ್ಲಗೆ ನಡಿ."

ಮೆಲ್ಲಗೆ ನಡೆದಳು. ಎಂಥ ಗಾಂಭೀರ್ಯ ಅಂತ ಜನ ಹೊಗಳಿದರು. ಉಣ್ಣೆ ಕಿತ್ತ ಮೇಲೆ ಜೋಡಿ ವಾಪಸ್ ಪೆಟ್ಟಿಗೆಗೆ ಹೋಯ್ತು, ಮೊಹರು ಬಿತ್ತು. ಬದುಕಿದೆ.

ಆಗಸ್ಟ್ ೧೧

ಬದುಕಿದೆ ಅಂತ ಬರೆದಿದ್ದೆ.

ಸೇನಾಪತಿ ತಿರುಗಿಬಿದ್ದಿದ್ದಾನೆ. ಅವನ ದಂಡಿನವರೇ ಹಾಡು ಕಟ್ಟಿದ್ರಂತೆ — "ಮಗಳ ಪಾದಕ್ಕೆ ಹಡಗು ತನ್ನಿ, ಅಪ್ಪನ ತಲೆಗೆ ಬುಟ್ಟಿ ತನ್ನಿ." ಹಾಡಿದ ಇಬ್ಬರನ್ನ ಕೊಂದ. ಮಿಕ್ಕವರನ್ನ ಕರಕೊಂಡು ಪಟ್ಟಣದ ಕಡೆ ಬರ್ತಿದಾನೆ. ಗಡಿ ಖಾಲಿ. ಗಡಿಯಾಚೆಯವರು ಆಗಲೇ ಮೂರು ಕೋಟೆ ಹಿಡಿದ್ರಂತೆ. ಕೋಟೆಯೊಳಗಿದ್ದವರ ಕತೆ ಮೀನು ಮಾರೋಳು ಹೇಳ್ತಿದ್ದಳು. ಕೇಳಲಾರದೆ ಎದ್ದು ಬಂದೆ.

ಅರ್ಧ ಬೆರಳು. ಅಷ್ಟಕ್ಕೆ.

ಆಗಸ್ಟ್ ೧೯

ಪೆಲಾಗಿಯಾಗೆ ಎಲ್ಲ ಹೇಳಿಬಿಟ್ಟೆ. ಕಾಲು ಹಿಡಕೊಂಡು ಅತ್ತೆ.

ತನ್ನ ಎಡಗಾಲು ನೋಡಿಕೊಂಡಳು. ಆಮೇಲೆ, "ಹಾಗಾದ್ರೆ ಇಲ್ಲಿರಬೇಕಾದೋಳು ನಾನಲ್ಲ" ಅಂದಳು. "ಆದ್ರೆ ಅವರು ನನ್ನ ಜೊತೆ ನಗ್ತಾರೆ ಅಕ್ಕಾ. ಅದೂ ಚರ್ಮ ಕುಗ್ಗಿದ್ದಕ್ಕೇನಾ?"

ಅವಳೇ ನನ್ನ ಭುಜ ಹಿಡಿದು ಎತ್ತಿದಳು.

"ಏಳಿ. ಯಾರಿಗೂ ಹೇಳಬೇಡಿ. ನಾನೂ ಹೇಳಲ್ಲ."

ಸೆಪ್ಟೆಂಬರ್ ೬

ಪಟ್ಟಣದ ಕೋಟೆ ಬಾಗಿಲು ಒಳಗಿಂದಲೇ ಯಾರೋ ತೆಗೆದರು. ಸೇನಾಪತಿ ಒಳಗೆ ಬಂದ. ಅನ್ಥಿಮೋಸ್ ಕಾಣ್ತಿಲ್ಲ. ಪೆಲಾಗಿಯಾಳ ಕೂದಲು ಕತ್ತರಿಸಿ ದ್ವೀಪದ ಮಠಕ್ಕೆ ಕಳಿಸಿದರು. ದೋಣಿ ಹತ್ತೋವಾಗ ನನ್ನ ಕಡೆ ನೋಡಿ ತುಟಿ ಮೇಲೆ ಬೆರಳಿಟ್ಟಳು. ಕೊನೆಗೂ ಹೇಳಲಿಲ್ಲ ಮಗು. ನಾನು ಪಾಪಿ.

ಸೆಪ್ಟೆಂಬರ್ ೯. ಬೆಳಿಗ್ಗೆ

ನಾಳೆ ದೊರೆಗೆ ಮತ್ತೆ ಮದುವೆ. ಈಗ ಅವನಿಷ್ಟ ಯಾರೂ ಕೇಳ್ತಿಲ್ಲ. ಹೆಣ್ಣು ಸೆವಾಸ್ತೀ. ಮೈತುಂಬ ಕಪ್ಪು ಉಟ್ಟಿದ್ದಾಳೆ — ಅವತ್ತು ನಕ್ಕಿದ್ದ ತಮ್ಮ ಅಪ್ಪನ ದಂಡಿನ ಜೊತೆ ಬರೋವಾಗ ನಿಕೋಮಿದಿಯದ ಯುದ್ಧದಲ್ಲಿ ಸತ್ತ.

ಅವಳ ದಾಸಿ ಬಂದು ಪೆಟ್ಟಿಗೆ ತೆಗೆಸಿದಳು. "ನಮ್ಮಮ್ಮನಿಗೆ ಅದೇ ಜೋಡಿ ಬೇಕಂತೆ. ಹರಿದರೂ ಪರವಾಗಿಲ್ಲ, ತುರುಕಿಕೊಂಡಾದರೂ ಅದರಲ್ಲೇ ನಡೀತಾರಂತೆ."

"ಎಡಗಾಲಿನದರ ಹೊಲಿಗೆ ಬಿಟ್ಟಿದೆ. ಹಾಕಿ ತರ್ತೀನಿ" ಅಂದೆ. ಬಲಗಾಲಿನದನ್ನ ಒಯ್ದಳು.

ಎಡಗಾಲಿನದಕ್ಕೆ ಒದ್ದೆ ಬಾರ್ಲಿ ತುಂಬಿಟ್ಟಿದೀನಿ. ಚಮ್ಮಾರರು ಹಾಗೆ ಮಾಡೋದು ನೋಡಿದ್ದೆ. ಕಾಳು ಉಬ್ಬಿದರೆ ಚರ್ಮ ಬಿಡುತ್ತೆ. ಉಬ್ಬು ತಾಯಿ, ಉಬ್ಬು.

ಮಧ್ಯಾಹ್ನ

ದಾರ ಹಿಡಿದು ನೋಡಿದೆ. ಒಂದು ಕೂದಲಷ್ಟೂ ಬಿಟ್ಟಿಲ್ಲ. ಇನ್ನೂ ಒಂದು ದಿನವಾದರೂ ಬೇಕು.

ದಾಸಿ ಮತ್ತೆ ಬಂದಿದ್ದಳು. ಅವಳ ಮುಖ ಬೇರೆಯೇ ಆಗಿತ್ತು.

"ಬಲಗಾಲಿನದು ಹಾಕಿ ನೋಡಿದರು" ಅಂದಳು. "ಸರೀಗಿದೆ."

"ಸರೀಗಿದೆ ಅಂದರೆ?"

"ಅವರಿಗೇ ಹೊಲಿದಂಗಿದೆ. ಅಮ್ಮ ಸತ್ತ ತಮ್ಮನ ಉಂಗುರ ಹಿಡಕೊಂಡು ಸುಮ್ಮನೆ ಕಾಲನ್ನೇ ನೋಡ್ತಾ ಕೂತರು. ಆಮೇಲೆ, ಅವತ್ತು ಮೆಟ್ಟು ಹೊತ್ತು ತಂದೋಳು ಯಾರು, ಎಲ್ಲಿದಾಳೆ ಅಂತ ಕೇಳಿದರು."

"ನೀನೇನಂದೆ?"

"ನಾನೇನು ಹೇಳಲಿ ಅಕ್ಕಾ... ಈ ಕೋಣೆ ಅಂದೆ."

ಓಡಿಹೋದಳು.

ಬಾರ್ಲಿ ತೆಗೆದು ಕೆಳಗೆ ಸುರಿದೆ. ಒಳಗೆಲ್ಲ ಅಂಟು. ಬಚ್ಚಿಡೋಕೆ ಜಾಗ ಇಲ್ಲ. ಈ ಕಾಗದಗಳನ್ನೂ ಎಲ್ಲಿಡಲಿ — ಎಲ್ಲ ಇದರಲ್ಲೇ ಇದೆ. ಹರೀಬೇಕು. ಕೈ ಬರ್ತಿಲ್ಲ.

ಮೊಗಸಾಲೆಯಲ್ಲಿ ಯಾರೋ ಬರ್ತಿದಾರೆ. ಒಬ್ಬರೇ. ಕಲ್ಲಿನ ನೆಲದ ಮೇಲೆ ಒಂದು ಹೆಜ್ಜೆ ಟಕ್ ಅನ್ನುತ್ತೆ, ಇನ್ನೊಂದು ಕೇಳಿಸೋದೇ ಇಲ್ಲ. ಒಂದು ಕಾಲು ಬರಿಗಾಲು.

ಟಕ್.

ಅವಳೇ. ನಿಂತಳು. ಬಾಗಿಲು ತಟ್ಟಲಿಲ್ಲ. ಮೆಲ್ಲಗೆ, ಅವತ್ತಿನ ದನಿಯಲ್ಲೇ — "ಇನ್ನೊಂದು ಸಲ ನೋಡಮ್ಮ" ಅಂತಿ—